ಟ್ರೋಜನ್ ಪದಕ್ಕೆ ಮೂರು ಪ್ರೂಫು

ತನ್ನ ಕುತ್ತಿಗೆಯಲ್ಲೇ ಏನೋ ಐಬಿದೆ ಎಂಬ ಅನುಮಾನ ಅವಳಿಗೆ ಬಹಳ ದಿನಗಳಿಂದ ಇತ್ತು. ತಲೆ ಮೇಲಿಂದ ಕೆಳಕ್ಕೆ ಸಲೀಸಾಗಿ ಆಡುತ್ತಿತ್ತು. ಅಡ್ಡಡ್ಡ ಆಡಿಸಬೇಕಾದ ಹೊತ್ತಿಗೆ ಮಾತ್ರ ತುಕ್ಕು ಹಿಡಿದ ಚಿಲಕದಂತೆ ಕಚ್ಚಿಕೊಂಡುಬಿಡುತ್ತಿತ್ತು. ಡಾಕ್ಟರಿಗೆ ತೋರಿಸುವಂತೆಯೂ ಇರಲಿಲ್ಲ. ಅವರು ‘ನೋವಿದೆಯಾ?’ ಎಂದು ಕೇಳುತ್ತಾರೆ, ಇಲ್ಲದಿದ್ದರೂ ಇವಳು ಹೂಂ ಎನ್ನುತ್ತಾಳೆ, ಅಲ್ಲಿಗೆ ಕತ್ತಿಗೊಂದು ಪಟ್ಟಿ ಬೀಳುತ್ತದೆ.

ಆ ಬೆಳಿಗ್ಗೆ ಬಸ್ಸಿನ ಕಿಟಕಿಗೆ ಹಣೆಯೊತ್ತಿಕೊಂಡು ಅವಳು ತನಗೆ ತಾನೇ ಒಪ್ಪಿಕೊಂಡಳು: ಒಂದೇ ಪದದ ಮೊದಲನೇ ಅರ್ಥವನ್ನು ನಾನು ಮೂರು ಜನಕ್ಕೆ ಕೊಟ್ಟಿದ್ದೇನೆ. ಇವತ್ತು ಆ ಮೂವರೂ ಒಂದೇ ಮೇಜಿಗೆ ಬರುತ್ತಾರೆ.

ಅವಳಿದ್ದದ್ದು ಪದಕೋಶದ ಕಚೇರಿಯಲ್ಲಿ. ಬೇರೆ ಬೇರೆ ಶಾಸ್ತ್ರಗಳ ಪದಗಳನ್ನು ಒಂದೆಡೆ ಸೇರಿಸಿ ಅರ್ಥ ಹೇಳುವ ದಪ್ಪ ಪುಸ್ತಕ ಅಲ್ಲಿ ತಯಾರಾಗುತ್ತಿತ್ತು. ಒಂದು ಪದಕ್ಕೆ ಎಷ್ಟು ಶಾಸ್ತ್ರದ ಅರ್ಥಗಳಾದರೂ ಇರಬಹುದು. ಆದರೆ ಯಾರ ಅರ್ಥ ಮೊದಲು ಬರುತ್ತದೋ ಅವರ ಇನಿಷಿಯಲ್ ಮಾತ್ರ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾಗುತ್ತಿತ್ತು. ಇರುವೆಯಷ್ಟಿದ್ದ ಆ ಎರಡಕ್ಷರಕ್ಕೆ, ಗೋಡೆ ತುಂಬ ಪ್ರಶಸ್ತಿ ನೇತುಹಾಕಿಕೊಂಡ ಪಂಡಿತರೆಲ್ಲ ಕಿಟಕಿ ಪಕ್ಕದ ಸೀಟಿಗೆ ಕಿತ್ತಾಡುವ ಮಕ್ಕಳಾಗುತ್ತಿದ್ದರು.

ಸಂಪಾದಕರು ಅವಳಿಗೆ ಕೊಟ್ಟ ಮೊದಲ ಪದ ಟ್ರೋಜನ್.

“ಬರೆಯೋದು ಪಂಡಿತರು, ನೀನು ಜೋಡಿಸು ಅಷ್ಟೇ,” ಎಂದಿದ್ದರು. “ನೆಟ್ಟಗೆ ಬಂದ್ರೆ ನಿನ್ನ ಕೆಲಸ ಕಾಯಂ ಮಾಡಿ ಅಂತ ಮೇಲಕ್ಕೆ ಬರೀತೀನಿ. ಚರಿತ್ರೆಯವರು ನಿವೃತ್ತರಾದ ಮೇಲೆ ಆ ಕುರ್ಚಿ ಖಾಲಿ ಇದೆ. ಚರಿತ್ರೆಯ ಅರ್ಥ ಬಿಟ್ಬಿಡು. ಕೇಳೋರು ಯಾರಿದಾರೆ?”

ಅವಳು ಓದಿದ್ದು ಚರಿತ್ರೆಯನ್ನೇ. ಪದವಿಯುದ್ದಕ್ಕೂ ಅವಳು ಮನಸಾರೆ ಓದಿದ್ದೆಂದರೆ ಟ್ರಾಯ್ ಎಂಬ ಪಾಳುಬಿದ್ದ ಊರಿನ ಪಾಠ ಒಂದನ್ನು. ಆದರೂ ಕುತ್ತಿಗೆ ಕೆಳಗೆ ಹೋಯಿತು, ಮೇಲೆ ಬಂತು.

ಮೊದಲು ಹೋದದ್ದು ಆಕಾಶ ನೋಡುವ ಮೇಡಂ ಹತ್ತಿರ. ಆಕೆ ಮೇಜಿನ ಮೇಲಿದ್ದ ಟೀ ಲೋಟವನ್ನು ಸೂರ್ಯನನ್ನಾಗಿ ಮಾಡಿ, ರಬ್ಬರನ್ನು ಗುರುಗ್ರಹವನ್ನಾಗಿ ಮಾಡಿ ಸುತ್ತಿಸಿದರು. ಆ ಗ್ರಹದ ದಾರಿಯಲ್ಲೇ ಅದರ ಮುಂದೊಂದು ಗುಂಪು, ಹಿಂದೊಂದು ಗುಂಪು ಕಲ್ಲುಗಳು ಸಾಗುತ್ತವೆ. ಹತ್ತಿರ ಬರುವುದಿಲ್ಲ, ಬಿಟ್ಟೂ ಹೋಗುವುದಿಲ್ಲ. ಅವೇ ಟ್ರೋಜನ್. ಕಾಲೇಜಿನ ದಿನಗಳ ತನ್ನ ಗೆಳೆತನಗಳೆಲ್ಲ ಹೀಗೆಯೇ ಇದ್ದವಲ್ಲ ಎಂದು ಅವಳಿಗೆ ಅನ್ನಿಸಿತು.

“ನನ್ನದೇ ಮೊದಲು ಬರಬೇಕು. ಕಂಪ್ಯೂಟರ್ ಅಂದ್ರೇನು ಅಂತ ಗೊತ್ತಿಲ್ಲದ ಕಾಲದಿಂದ ನಾವು ಈ ಪದ ಬಳಸ್ತಿದೀವಿ. ಸರಿ ತಾನೆ?” ಎಂದರು ಮೇಡಂ.

“ಹೂಂ ಮೇಡಂ.”

ಆಮೇಲೆ ಕಂಪ್ಯೂಟರ್ ಮೇಷ್ಟ್ರು. ಆಟವೋ ಕ್ಯಾಲೆಂಡರೋ ಎಂಬಂತೆ ವೇಷ ಹಾಕಿ ಒಳಗೆ ಬಂದು, ಆಮೇಲೆ ಮನೆ ದೋಚುವ ಪ್ರೋಗ್ರಾಮೇ ಟ್ರೋಜನ್ ಎಂದರು. “ಆ ಮರದ ಕುದುರೆ ಕಥೆ ಗೊತ್ತಲ್ಲ? ಕುದುರೆ ಹೊಟ್ಟೇಲಿ ಟ್ರಾಯ್ ಊರಿನವರು ಅಡಗಿ ಕೂತು ಶತ್ರುಗಳ ಕೋಟೆ ಒಳಗೆ ನುಗ್ಗಿದ್ರಲ್ಲ, ಥೇಟ್ ಹಾಗೇ.”

ಅವಳಿಗೆ ಮೈ ಜುಮ್ಮೆಂದಿತು. ಕಥೆ ತಲೆಕೆಳಗಾಗಿತ್ತು. ಪ್ರಪಂಚದಲ್ಲಿ ಅವಳಿಗೆ ಖಚಿತವಾಗಿ ಗೊತ್ತಿದ್ದ ಸಂಗತಿಗಳು ಬೆರಳೆಣಿಕೆಯಷ್ಟು, ಅವುಗಳಲ್ಲಿ ಇದೊಂದು.

“ಹೌದಾ, ಇಲ್ವಾ?” ಎಂದರು ಮೇಷ್ಟ್ರು.

“ಹೂಂ ಸರ್,” ಎಂದಳು. ಮೊದಲನೇ ಸ್ಥಾನ ಅವರಿಗೂ ಸಿಕ್ಕಿತು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಔಷಧಿ ಸಂಶೋಧಕರ ಪ್ರಯೋಗಶಾಲೆಗೂ ಹೋದಳು. ರೋಗಾಣುವಿಗೆ ಕಬ್ಬಿಣಾಂಶವೆಂದರೆ ಪ್ರಾಣ. ಆ ಕಬ್ಬಿಣಾಂಶಕ್ಕೇ ಮದ್ದನ್ನು ಅಂಟಿಸಿ ಕಳಿಸಿದರೆ ರೋಗಾಣು ತಾನಾಗಿಯೇ ಒಳಗೆ ಕರೆದುಕೊಂಡು ಸಾಯುತ್ತದೆ. ಟ್ರೋಜನ್ ಉಪಾಯವೆಂದರೆ ಅದು. “ನಮ್ಮದೊಂದೇ ಜೀವ ಉಳಿಸೋ ಅರ್ಥ,” ಎಂದರು ಅವರು, ಕೈಗವಸು ಬಿಚ್ಚುತ್ತಾ. ಜೀವದ ಮಾತು ಬಂದ ಮೇಲೆ ಇವಳು ಇನ್ನೇನು ಹೇಳಿಯಾಳು?

ಪುಟ ಕಟ್ಟುವ ಡಿಟಿಪಿ ಅಣ್ಣನ ಹತ್ತಿರ ಹೋಗಿ ಅಚ್ಚಿಗೆ ಮುಂಚಿನ ಮೂರು ಪ್ರೂಫ್ ಮಾಡಿಸಿದಳು. ಒಂದೊಂದರಲ್ಲೂ ಒಬ್ಬೊಬ್ಬರದು ಮೊದಲು, ಕೊನೆಗೆ ಅವರವರದೇ ಇನಿಷಿಯಲ್.

ಅಣ್ಣ ಕಿವಿಯಿಂದ ಇಯರ್‌ಫೋನ್ ತೆಗೆದ. “ಯಾವುದಮ್ಮ ಇದರಲ್ಲಿ ನಿಜವಾದ್ದು?”

“ಎಲ್ಲಾ ನಿಜ ಅಣ್ಣ. ಸದ್ಯಕ್ಕೆ.”

“ಮದುವೆಗೊಬ್ಬಳು ಹೆಣ್ಣು, ಮೂರು ಮನೆಗೆ ಲಗ್ನಪತ್ರಿಕೆ. ನನಗ್ಯಾಕೆ ಬಿಡು,” ಎಂದು ಅವನು ಇಯರ್‌ಫೋನ್ ಮತ್ತೆ ಸಿಕ್ಕಿಸಿಕೊಂಡ.

ಅವರವರ ಪ್ರೂಫನ್ನು ಅವರವರಿಗೇ ಕಳಿಸಿದಳು. ಅವಳ ಲೆಕ್ಕ ಇಷ್ಟೇ: ಮೂವರೂ ಮೂರು ಕಟ್ಟಡದವರು, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಪುಸ್ತಕ ಬರುವಷ್ಟರಲ್ಲಿ ಯಾರಾದರೊಬ್ಬರು ಮರೆಯಬಹುದು, ಅಥವಾ ತಾನೇ ಸತ್ತುಹೋಗಬಹುದು. ಪ್ರವಾಸದಿಂದ ಮರಳಿದ ಸಂಪಾದಕರು “ಎಲ್ಲರನ್ನೂ ಕೂರಿಸಿಯೇ ಸಹಿ ಹಾಕಿಸೋಣ, ಚೆನ್ನಾಗಿರುತ್ತೆ” ಎನ್ನುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಹಿಂದಿನ ಸಂಜೆ ಅಕ್ಕ ಬಟ್ಟೆ ಮಡಚುತ್ತಾ ಇಷ್ಟನ್ನೂ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

“ಹೂಂಗುಟ್ಟಮ್ಮ ಅಂತ ನಿನಗೆ ಹೆಸರಿಟ್ಟಿದ್ದು ಸುಮ್ನೇನಾ? ಈಗೇನ್ ಮಾಡ್ತೀಯ?”

“ಹೊಟ್ಟೆನೋವು ಅಂತ ರಜ ಹಾಕ್ಲಾ?”

“ಹಾಕು. ನಾಡಿದ್ದು ಮೀಟಿಂಗ್ ಇಟ್ಟರೆ ತಲೆನೋವು ಬರಿಸ್ಕೋ. ಮೈಯಲ್ಲಿ ಎಷ್ಟು ಅಂಗ ಇದಾವೋ ಅಷ್ಟು ದಿನ ಸಾಗುತ್ತೆ.” ಅಕ್ಕ ಒಂದು ಅಂಗಿಯನ್ನು ಅವಳ ಮುಖಕ್ಕೆ ಎಸೆದಳು. “ಹೂಂ ಅನ್ನೋದು ಒಳ್ಳೇತನ ಅಂದ್ಕೊಂಡಿದೀಯ. ಅಲ್ಲ ಕಣೆ, ಅದು ಸೋಮಾರಿತನ.”

ಅದಕ್ಕೂ ಅವಳು ಹೂಂ ಎಂದಿದ್ದಳು.

ಈಗ ಮೇಜಿನ ಸುತ್ತ ಮೂವರೂ ಕೂತಿದ್ದರು. ಬಿಸ್ಕತ್ತಿನ ತಟ್ಟೆ ಮಧ್ಯದಲ್ಲಿತ್ತು. ತಂತಮ್ಮ ಪ್ರೂಫನ್ನು ಮೂವರೂ ಒಟ್ಟಿಗೇ ಚೀಲದಿಂದ ತೆಗೆದರು. ಗೋಡೆ ಗಡಿಯಾರಕ್ಕಿಂತ ತನ್ನ ಎದೆಯೇ ಜೋರಾಗಿ ಸದ್ದು ಮಾಡುತ್ತಿದೆ ಎನ್ನಿಸಿ ಅವಳು ಫೈಲನ್ನು ಎದೆಗೆ ಒತ್ತಿಕೊಂಡಳು, ಸದ್ದು ಹೊರಗೆ ಬಾರದಿರಲೆಂದು.

“ಇದೇನ್ರೀ, ನಿಮ್ಮ ಕಲ್ಲುಬಂಡೆ ಎರಡನೇದಲ್ವಾ?” ಎಂದರು ಕಂಪ್ಯೂಟರ್ ಮೇಷ್ಟ್ರು, ಮೇಡಂ ಕೈಯಲ್ಲಿದ್ದ ಹಾಳೆಗೆ ಕತ್ತು ಚಾಚಿ.

“ಎರಡನೇದು ನಿಮ್ಮ ಕಳ್ಳ ಪ್ರೋಗ್ರಾಮು. ನೆಟ್ಟಗೆ ನೋಡಿ,” ಎಂದರು ಮೇಡಂ.

“ನನ್ನ ಪ್ರೂಫಲ್ಲಿ ನೀವಿಬ್ಬರೂ ನನ್ನ ಕೆಳಗಿದೀರಿ,” ಎಂದು ಔಷಧಿಯವರು ಬಿಸ್ಕತ್ತು ಮುರಿದರು.

ಮೂರು ಹಾಳೆಗಳೂ ಮೇಜಿನ ಮೇಲೆ ಅಕ್ಕಪಕ್ಕ ಬಂದವು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಸುಮ್ಮಸುಮ್ಮನೆ ತನ್ನ ಹೆಗಲ ಮೇಲಿನ ಧೂಳು ಕೊಡವಿದಳು.

ಸಂಪಾದಕರು ಕನ್ನಡಕ ತೆಗೆದು ನಕ್ಕರು. “ನಮ್ಮ ಡಿಟಿಪಿಯವನದೇ ಕಿತಾಪತಿ. ಹೋದ ಸಲವೂ ಪುಟ ಅದಲು ಬದಲು ಮಾಡಿದ್ದ. ಕಿವಿಗೆ ಹಾಡು ಸಿಕ್ಕಿಸ್ಕೊಂಡು ಕೂತರೆ ಇನ್ನೇನಾಗುತ್ತೆ? ಈ ಸಲ ಅವನನ್ನ ಕಳಿಸೇಬಿಡ್ತೀನಿ. ಅಲ್ವೇನಮ್ಮಾ, ಅವನದೇ ತಪ್ಪು ತಾನೆ?”

ಎಂಥ ಸುಲಭದ ಬಾಗಿಲು. ಹೂಂ ಎಂದರೆ ಕೆಲಸ ಕಾಯಂ, ಮೂವರಿಗೂ ಬೇಜಾರಿಲ್ಲ. ಅವಳ ಗಲ್ಲ ಅಭ್ಯಾಸಬಲದಿಂದ ಆಗಲೇ ಇಳಿಯತೊಡಗಿತ್ತು. ಗಾಜಿನಾಚೆ ಅಣ್ಣ ಯಾವುದೋ ಹಾಡಿಗೆ ತಲೆದೂಗುತ್ತಾ ಯಾರದೋ ಪುಟ ಕಟ್ಟುತ್ತಿದ್ದ. ಇಬ್ಬರ ತಲೆಯೂ ಒಂದೇ ತಾಳಕ್ಕೆ ಆಡುತ್ತಿರುವುದು ಅವಳಿಗೆ ಕಂಡಿತು. ಅವನಿಗೆ ಹಾಡಾದರೂ ಇತ್ತು.

ಗಲ್ಲ ಅರ್ಧದಲ್ಲಿ ನಿಂತಿತು. ಕತ್ತಿನಲ್ಲಿ ಏನೋ ಲಟಕ್ಕೆಂದಂತಾಯಿತು. ತಲೆ ಅಡ್ಡಡ್ಡ ಆಡಿತು. ಎಷ್ಟು ವಿಕಾರವಾಗಿ ಆಡಿತೆಂದರೆ ಔಷಧಿಯವರು “ಹುಷಾರಾಗಿದೀಯೇನಮ್ಮಾ?” ಎಂದು ನೀರಿನ ಬಾಟಲಿ ಮುಂದೆ ಸರಿಸಿದರು.

“ಅಣ್ಣನ ತಪ್ಪಲ್ಲ ಸರ್,” ಎಂದಳು. ದನಿ ಯಾರದೋ ಅನ್ನಿಸಿತು. “ನಾನು ಹೇಳಿದ್ದಕ್ಕೇ ಅವರು ಮೂರು ಮಾಡಿದ್ದು.”

ಸಂಪಾದಕರ ನಗು ಮುಖದಲ್ಲೇ ಉಳಿಯಿತು, ತೆಗೆಯಲು ಮರೆತವರಂತೆ.

“ಹಾಗಾದ್ರೆ ಮೊದಲನೇ ಅರ್ಥ ನಿಜವಾಗ್ಲೂ ಯಾರದು?” ಎಂದರು ಮೇಡಂ. ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು ಅವರ ದನಿಯಲ್ಲಿ.

ಅವಳು ಫೈಲನ್ನು ಎದೆಯಿಂದ ಇಳಿಸಿ ಮೇಜಿನ ಮೇಲಿಟ್ಟಳು.

“ನಿಮ್ಮ ಮೂವರದ್ದೂ ಅಲ್ಲ ಮೇಡಂ. ಟ್ರಾಯ್ ಊರಿನವರದ್ದು. ಆ ಕುದುರೆ ಹೊಟ್ಟೇಲಿ ಅವರಲ್ಲಿ ಒಬ್ಬರೂ ಇರ್ಲಿಲ್ಲ. ಕೂತಿದ್ದೋರು ಶತ್ರುಗಳು. ಟ್ರೋಜನ್ ಅಂದ್ರೆ, ಉಡುಗೊರೆ ಅಂತ ಬಂದ ಕುದುರೆಗೆ ಬೇಡ ಅನ್ನೋಕೆ ಬಾಯಿ ಬರದೆ ಬಾಗಿಲು ತೆಗೆದವರು.”