ನಾನು ಯಾರ ಕಾರು?

ನಾನು ಒಂದು ಸಣ್ಣ ನೀಲಿ ಕಾರು. ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ಹುಟ್ಟಿದ್ದು ಅನ್ನುವುದು ಮರ್ಯಾದೆಯ ಮಾತು. ನಿಜ ಹೇಳಬೇಕೆಂದರೆ ನನ್ನನ್ನು ಹೊಡೆದು ಮಾಡಿದರು. ತಗಡಾಗಿ ಸುಮ್ಮನೆ ಮಲಗಿದ್ದ ನನ್ನ ಮೇಲೆ ಮನೆಯಷ್ಟು ಎತ್ತರದ ಯಂತ್ರವೊಂದು ಧಡಾರನೆ ಬಿತ್ತು. ಎದ್ದಾಗ ನನಗೆ ಬಾಗಿಲಿತ್ತು. ಇನ್ನೊಮ್ಮೆ ಬಿತ್ತು, ಚಾವಣಿಯಾಯಿತು. ಆಮೇಲೆ ಕಿಡಿ ಹಾರಿಸಿ ಮೈಯೆಲ್ಲ ಸುಟ್ಟು ಬೆಸೆದು, ಬಣ್ಣ ಹೊಡೆದು, ಹೋಗು ಅಂತ ತಳ್ಳಿದರು. ಹಾಗಾಗಿ ನನಗೆ ಹೊಡೆತದ ಭಯವಿಲ್ಲ. ಹೊಡೆಯುವವರ ಮೇಲೆ ಸಿಟ್ಟು ಮಾತ್ರ ಬೇಕಾದಷ್ಟಿದೆ.

ನನ್ನ ಮೊದಲ ಯಜಮಾನ ನ್ಯೂರಿ ಪಟ್ಟಣದ ಒಬ್ಬ ಕಟುಕ. ನ್ಯೂರಿ ಇರುವುದು ಉತ್ತರ ಐರ್ಲೆಂಡಿನಲ್ಲಿ. ಅದು ಬ್ರಿಟನ್ನಿಗೆ ಸೇರಿದ ನಾಡು. ಅಲ್ಲಿಂದ ದಕ್ಷಿಣಕ್ಕೆ ಕಾಲು ಗಂಟೆ ಓಡಿದರೆ ಐರ್ಲೆಂಡ್ ಎಂಬ ಬೇರೆಯೇ ದೇಶ. ಕಟುಕ ಬಾಯಿ ತೆಗೆದರೆ ಬೈಗುಳ, ಬಾಗಿಲು ಹಾಕಿದರೆ ಭೂಕಂಪ. ಡಿಕ್ಕಿಯಲ್ಲಿ ರಕ್ತ ಸೋರುವ ಮಾಂಸದ ಪೆಟ್ಟಿಗೆ. ಆರು ವರ್ಷ ಅವನ ಕೈಯಲ್ಲಿ ನಲುಗಿದೆ. ಆದರೆ ಆ ದಪ್ಪ ಕೈ ಹೆಂಡತಿಯ ಮೇಲೆ, ಮಕ್ಕಳ ಮೇಲೆ ಎದ್ದದ್ದನ್ನು ಒಂದು ದಿನವೂ ಕಾಣಲಿಲ್ಲ. ಗದರುವ ಕೈ ಬೇರೆ, ಹೊಡೆಯುವ ಕೈ ಬೇರೆ ಎಂದು ನನಗೆ ಗೊತ್ತಾದದ್ದು ಆಮೇಲೆ.

ಕಟುಕ ನನ್ನನ್ನು ಹಳೆಯ ಕಾರುಗಳ ವ್ಯಾಪಾರಿಗೆ ಮಾರಿದ. ಆ ಅಂಗಡಿಗೆ ಬಂದವರು ಕಸ್ತೂರಿ ಮತ್ತು ಅವಳ ಗಂಡ ಮಹಾಂತೇಶ. ಗದಗಿನವರು. ಕಸ್ತೂರಿ ಆಸ್ಪತ್ರೆಯಲ್ಲಿ ನರ್ಸ್. ಅವಳ ಕೆಲಸದ ವೀಸಾದ ಬಾಲ ಹಿಡಿದು ಬಂದವನು ಅವನು. ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದ. ದುಡ್ಡು ಕೊಟ್ಟದ್ದು ಅವಳು, ಅವಳ ಕಾರ್ಡಿನಿಂದ. ಲಾಗ್‌ಬುಕ್ ಅಂದರೆ ನಮ್ಮ ಜಾತಕ ಇದ್ದ ಹಾಗೆ, ಯಾರ ವಶದಲ್ಲಿದ್ದೇವೆ ಎಂದು ಬರೆಯುವ ಕಾಗದ. ಅದರಲ್ಲಿ ಯಾರ ಹೆಸರು ಬರೆಯಲಿ ಎಂದು ವ್ಯಾಪಾರಿ ಅವಳನ್ನೇ ಕೇಳಿದ. ಆಗ ಗದಗಿನಿಂದ ಅವಳ ತಾಯಿ ಫೋನಿನಲ್ಲಿದ್ದರು.

"ಗಾಡಿ ಮನಿ ಯಜಮಾನನ ಹೆಸರಲೆ ಇರಬೇಕವ್ವಾ. ಅಂದ್ರ ಅವಂಗೂ ಒಂದು ಮರ್ಯಾದಿ. ಗಂಡಸು ಪರದೇಶದಾಗ ಹೇಣತಿ ಕೈಕೆಳಗ ಅದಾನ ಅನ್ನಿಸಬಾರದು ನೋಡು."

ಕಸ್ತೂರಿ ನಕ್ಕು, ಅವರ ಹೆಸರೇ ಬರೆಯಿರಿ ಎಂದಳು. ನನ್ನ ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಊದಿನಕಡ್ಡಿ ಬೆಳಗಿ, ಪಚಕ್ಕನೆ ಹಣ್ಣು ಮೆಟ್ಟಿಸಿ ಮನೆಗೆ ಕರೆದೊಯ್ದರು. ವ್ಯಾಪಾರಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನನಗೂ ಹೆಮ್ಮೆಯೇ ಆಯಿತು. ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು ಎಂಬುದರ ರುಚಿ ಅವತ್ತು ಯಾರಿಗೆ ಗೊತ್ತಿತ್ತು!

ಕನ್ನಡ ಕಲಿತದ್ದು ನನ್ನ ಸೀಟಿನ ಮೇಲೆ ಕೂತವರಿಂದ. ಮೊದಲು ಕಲಿತದ್ದು ಬೈಗುಳ. ಮಹಾಂತೇಶ ಬಲಗೈಯಲ್ಲಿ ಸ್ಟಿಯರಿಂಗ್ ಹಿಡಿದು ಎಡಗೈಯಲ್ಲಿ ಪಕ್ಕದಲ್ಲಿದ್ದವಳಿಗೆ ಹೊಡೆಯುತ್ತಿದ್ದ. ಸಿಗ್ನಲ್‌ನಲ್ಲಿ ನಿಂತಾಗ ಹೊಡೆಯುತ್ತಿದ್ದ, ಹಸಿರು ಬಿದ್ದೊಡನೆ ಗೇರ್ ಹಾಕುತ್ತಿದ್ದ. ಎರಡಕ್ಕೂ ಅದೇ ಕೈ. ಡ್ಯೂಟಿಯಲ್ಲಿ ತಡವಾದರೆ ಒಂದು, ಡಾಕ್ಟರ ಜೊತೆ ನಕ್ಕು ಮಾತಾಡಿದರೆ ಎರಡು. ಅವಳ ತಲೆ ನನ್ನ ಕಿಟಕಿಗೆ ಬಡಿದಾಗ ಗಾಜು ಅದುರುತ್ತಿತ್ತು. ಆಸ್ಪತ್ರೆ ಮುಂದೆ ಇಳಿಯುವ ಮುಂಚೆ ಅವಳು ನನ್ನ ಕನ್ನಡಿ ತನ್ನ ಕಡೆ ತಿರುಗಿಸಿಕೊಂಡು ಮುಖಕ್ಕೆ ಪೌಡರ್ ಬಳಿಯುತ್ತಿದ್ದಳು. ಯಾರಾದರೂ ಕೇಳಿದರೆ ಬಾತ್‌ರೂಮಿನಲ್ಲಿ ಜಾರಿದೆ ಎನ್ನುವಳು. ಏಳು ವರ್ಷ ಜಾರಿದಳು. ಇಡೀ ದಿನ ಬೇರೆಯವರ ಗಾಯಕ್ಕೆ ಪಟ್ಟಿ ಕಟ್ಟುವವಳಿಗೆ ತನ್ನ ಗಾಯದ ಹೆಸರು ಹೇಳಲು ಬಾಯಿ ಬರುತ್ತಿರಲಿಲ್ಲ.

ನನ್ನ ಮೇಲೆ ಅವನಿಗೆ ಪ್ರಾಣ. ಪ್ರತಿ ಭಾನುವಾರ ಶಾಂಪೂ ಸ್ನಾನ, ಮೃದುವಾದ ಬಟ್ಟೆಯಲ್ಲಿ ಒರೆಸುವುದು. ಅವನು ನನ್ನನ್ನು ಮುಟ್ಟುವ ಹಾಗೆ ಅವಳನ್ನು ಮುಟ್ಟಿದ್ದು ನಾನು ನೋಡಿಲ್ಲ. ಒಂದು ಸಂಜೆ ಅವಳು ನನ್ನನ್ನು ತಿರುಗಿಸುವಾಗ ಗೋಡೆಗೆ ತಾಗಿ ನನ್ನ ಬಾಗಿಲಿಗೆ ಒಂದು ಗೀರು ಬಿತ್ತು. ಬೆರಳುದ್ದವೂ ಇಲ್ಲ. ಅವನು ಬಗ್ಗಿ ನೋಡಿದ. ಅವಳ ಎಡಗೈ ಹಿಡಿದು ಬಾಗಿಲ ಸಂದಿಯಲ್ಲಿಟ್ಟು ನನ್ನ ಬಾಗಿಲನ್ನು ಜಡಿದ. ಎರಡು ಬೆರಳು ಮುರಿದವು. ಮುರಿದ ಸದ್ದು ಇನ್ನೂ ನನ್ನ ಕಬ್ಬಿಣದೊಳಗಿದೆ. ಹೊಡೆದವನು ಅವನೇ, ಆದರೆ ಹೊಡೆದದ್ದು ನನ್ನಿಂದ. ಆ ನಾಚಿಕೆ ನನ್ನನ್ನು ಬಿಟ್ಟಿಲ್ಲ.

ಬೆರಳಿನ ಪಟ್ಟಿ ಬಿಚ್ಚಿದ ವಾರ ಕಸ್ತೂರಿ ಗುಟ್ಟಾಗಿ ಗಡಿಯಾಚೆಯ ಒಂದು ವೃದ್ಧಾಶ್ರಮಕ್ಕೆ ಅರ್ಜಿ ಹಾಕಿದಳು. ಕೆಲಸವೂ ಸಿಕ್ಕಿತು, ಅಲ್ಲಿ ಇದ್ದು ದುಡಿಯುವ ಪರವಾನಗಿಯೂ ಬಂತು. ಒಂದು ಮಧ್ಯಾಹ್ನ ಅವನು ಗೋದಾಮಿನಲ್ಲಿದ್ದಾಗ ಸರ್ಟಿಫಿಕೇಟುಗಳ ಚೀಲ, ಕುಕ್ಕರು, ಜೋಳದ ಹಿಟ್ಟಿನ ಡಬ್ಬಿ ಹಿಂದಿನ ಸೀಟಿಗೆ ಎಸೆದು ನನ್ನ ಕೀಲಿ ತಿರುಗಿಸಿದಳು. ಕ್ಲಚ್ಚು ಮೂರು ಸಲ ತಪ್ಪಿತು. ಗಡಿ ಎಂದರೆ ಗೇಟು, ಬಂದೂಕು ಇರುತ್ತದೆ ಎಂದುಕೊಂಡಿದ್ದೆ. ಏನೂ ಇರಲಿಲ್ಲ. ವೇಗದ ಫಲಕಗಳು ಮೈಲಿ ಬಿಟ್ಟು ಕಿಲೋಮೀಟರಿಗೆ ತಿರುಗಿದವು, ಅಷ್ಟೇ. ಅವಳು ಗಾಡಿ ಪಕ್ಕಕ್ಕೆ ಹಾಕಿ ಜೋರಾಗಿ ಅತ್ತಳು.

ವೃದ್ಧಾಶ್ರಮ ಇದ್ದದ್ದು ಹೊಲಗಳ ನಡುವೆ. ಬಸ್ಸಿಲ್ಲ. ಕಾರಿಲ್ಲದಿದ್ದರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಪರವಾನಗಿಯಿಲ್ಲ, ಪರವಾನಗಿ ಹೋದರೆ ಮತ್ತೆ ಅವನ ಮನೆ. ಅಲ್ಲಿಯ ಕಾನೂನೋ, ಬೇರೆ ದೇಶದಿಂದ ತಂದ ಕಾರನ್ನು ಮೂವತ್ತು ದಿನದೊಳಗೆ ನೋಂದಣಿ ಮಾಡಿಸಿ ತೆರಿಗೆ ಕಟ್ಟಬೇಕು. ತೆರಿಗೆ ಅವಳ ಎರಡು ತಿಂಗಳ ಸಂಬಳ. ಮನೆ ಬದಲಿಸಿ ಬಂದವರಿಗೆ ಮಾಫಿ ಇದೆ, ಆದರೆ ಕಾರು ಆರು ತಿಂಗಳಿಂದ ಅವರದೇ ಆಗಿರಬೇಕು.

ನೋಂದಣಿ ಕೇಂದ್ರದಲ್ಲಿ ಕೀನನ್ ಎಂಬ ನರೆಗೂದಲಿನ ಅಧಿಕಾರಿಣಿ ಹೊರಗೆ ಬಂದು ನನ್ನ ಬಾನೆಟ್ ಮೇಲೆಯೇ ಕಾಗದಗಳನ್ನು ಹರಡಿದಳು. ಲಾಗ್‌ಬುಕ್ಕಿನ ಮೇಲೆ ಬೆರಳಿಟ್ಟು, ಇವರು ಯಾರು ಎಂದು ಕೇಳಿದಳು. ನನ್ನ ಗಂಡ ಎಂದು ಕಸ್ತೂರಿ ತಲೆ ತಗ್ಗಿಸಿದಳು. ಅವರು ಬಂದಿಲ್ಲವೇ? ಇಲ್ಲ. ಕೀನನ್ ಅವಳ ಸೊಟ್ಟಾದ ಎರಡು ಬೆರಳು ನೋಡಿದಳು. ಲಾಗ್‌ಬುಕ್ಕಿನಲ್ಲಿರುವುದು ಕಾರು ಯಾರ ವಶದಲ್ಲಿದೆ ಎಂಬುದು ಮಾತ್ರ, ಮಾಲೀಕರು ಯಾರು ಎಂದಲ್ಲ. ಆ ಕಾಗದದ ಮೇಲೆಯೇ ಹಾಗೆ ಅಚ್ಚಾಗಿದೆ ಎಂದು ತೋರಿಸಿದಳು. ಕೊಂಡವರು ನೀವೇ ಎಂಬುದಕ್ಕೆ ಪುರಾವೆ ತನ್ನಿ, ಮೂವತ್ತನೆಯ ದಿನ ಬೆಳಿಗ್ಗೆ ಹತ್ತಕ್ಕೆ ಕಾರೂ ತನ್ನಿ ಎಂದಳು.

ಅಚ್ಚಾದ ಆ ಸಾಲನ್ನು ಏಳು ವರ್ಷದಲ್ಲಿ ಕಸ್ತೂರಿ ಒಮ್ಮೆಯೂ ಓದಿರಲಿಲ್ಲ. ಅವಳು ಬ್ಯಾಂಕಿಗೆ ಬರೆದಳು, ವ್ಯಾಪಾರಿಗೆ ಫೋನ್ ಮಾಡಿದಳು. ವ್ಯಾಪಾರಿಗೆ ನಿಂಬೆಹಣ್ಣಿನವಳು ಚೆನ್ನಾಗಿ ನೆನಪಿದ್ದಳು. ದುಡ್ಡು ಕೊಟ್ಟದ್ದು ಈಕೆಯೇ ಎಂದು ಸಹಿ ಹಾಕಿ ಕಳಿಸಿದ. ಖುಷಿಯಲ್ಲಿ ಅವಳು ಗದಗಿನಲ್ಲಿದ್ದ ಅಣ್ಣನಿಗೆ ಎಲ್ಲ ಹೇಳಿದಳು. ಇರುವ ಜಾಗ, ಹೋಗುವ ದಿನ, ಗಂಟೆ.

"ಗಂಡ ಹೇಣತಿ ಜಗಳ ಉಂಡು ಮಲಗೂತನಕ ತಂಗಿ," ಎಂದ ಅಣ್ಣ. "ಅಂವಾ ದಿನಾ ಫೋನ್ ಮಾಡಿ ಅಳತಾನ. ಒಮ್ಮೆ ಕುಂತು ಮಾತಾಡ್ರಿ."

ಉಣ್ಣುವ ಬಾಯಿಯೇ ಒಡೆದಿದ್ದರೆ ಏನು ಉಂಡು ಮಲಗುವುದು? ನನಗೆ ಬಾಯಿದ್ದಿದ್ದರೆ ಆ ಅಣ್ಣನನ್ನು ಕೇಳುತ್ತಿದ್ದೆ. ಆ ಪುಣ್ಯಾತ್ಮ ಅವತ್ತೇ ಮಹಾಂತೇಶನಿಗೆ ಅವಳ ವಿಳಾಸ ಕೊಟ್ಟ, ಎಲ್ಲಿಗೆ, ಎಷ್ಟು ಗಂಟೆಗೆ ಹೋಗುತ್ತಾಳೆಂದೂ ಹೇಳಿದ.

ಮೂವತ್ತನೆಯ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಕಸ್ತೂರಿ ನನ್ನೊಳಗೆ ಕೂತು ಬಾಗಿಲು ಹಾಕಿದ್ದಳು. ಎರಡೂ ಕಡೆ ಮುಳ್ಳುಬೇಲಿಯ ಕಿರುದಾರಿ. ಎದುರಿನಿಂದ ಗೋದಾಮಿನ ವ್ಯಾನು ಬಂದು ನನ್ನ ಮೂತಿಗೆ ಮೂತಿ ಎದುರಾಗಿ ನಿಂತಿತು. ಮಹಾಂತೇಶ ಇಳಿದ. ಕೈಯಲ್ಲಿ ಚಕ್ರ ಬಿಚ್ಚುವ ಪಾನಾ.

"ನನ್ನ ಗಾಡಿ ಕದ್ಕೊಂಡು ಓಡಿಬಂದೀಯೇನಲೇ? ಇಳಿ ಕೆಳಗ!"

ಅವಳು ಲಾಕ್ ಒತ್ತಿದಳು. ಮೊದಲ ಹೊಡೆತ ನನ್ನ ಬಲಗಣ್ಣಿಗೆ. ಎರಡನೆಯದು ಎಡಗಣ್ಣಿಗೆ. ಪ್ರತಿ ಭಾನುವಾರ ಒರೆಸಿದ ಬಾನೆಟ್ಟಿನ ಮೇಲೆ ಹತ್ತಿ ನಿಂತು ಮುಂದಿನ ಗಾಜಿಗೆ ಬಾರಿಸಿದ. ಗಾಜು ಬೀಳಲಿಲ್ಲ, ತುಂಬ ಬಿರುಕು ಬಿಟ್ಟು ಬೆಳ್ಳಗಾಯಿತು. ಕೆಳಗೆ ಹಾರಿ ಅವಳ ಪಕ್ಕದ ಕಿಟಕಿಗೆ ಹೊಡೆದ. ಅದು ಪುಡಿಪುಡಿಯಾಗಿ ಅವಳ ಮಡಿಲಿಗೆ ಸುರಿಯಿತು. ಆ ತೂತಿನಿಂದ ಪಾನಾ ಒಳಗೆ ಬಂದು ಅವಳ ಬಲ ಭುಜಕ್ಕೆ ಬಿತ್ತು, ಮತ್ತೆ ಹಣೆಗೆ. ನನ್ನ ಸೀಟು ಅವಳ ರಕ್ತ ಕುಡಿಯಿತು. ಕಟುಕನ ಆರು ವರ್ಷದಲ್ಲಿ ನನ್ನ ಡಿಕ್ಕಿ ಕಂಡ ರಕ್ತಕ್ಕೆ ನಾನು ಎಂದೂ ಹೆದರಿರಲಿಲ್ಲ. ಇದಕ್ಕೆ ಹೆದರಿದೆ.

ಆಮೇಲೆ ಅವನು ನನ್ನ ಮುಂದೆ, ವ್ಯಾನಿಗೂ ನನಗೂ ನಡುವಿನ ಮೊಳದಷ್ಟು ಜಾಗದಲ್ಲಿ ತೂರಿ ನಿಂತು ಎದೆ ತಟ್ಟಿಕೊಂಡ. "ಹತ್ತಸು ನೋಡೂಣು! ಧೈರ್ಯ ಐತೇನು? ಹತ್ತಸಲೇ!"

ನನಗೆ ಧೈರ್ಯವಿತ್ತು. ದೇವರಾಣೆ, ನನಗೆ ಆಸೆಯೂ ಇತ್ತು. ಅವನನ್ನು ವ್ಯಾನಿಗೆ ಒತ್ತಿ ಅರೆಯಲು ಒಂದು ಗೇಣು ಮುಂದೆ ಹೋದರೆ ಸಾಕಿತ್ತು. ಅವಳ ಎಡಗೈ ಗೇರಿನ ಮೇಲಿತ್ತು, ಕಾಲು ಆಕ್ಸಲರೇಟರಿನ ಮೇಲೆ. ನನ್ನ ಎಂಜಿನ್ ಕಿರುಚಿತು. ಅವಳು ರಿವರ್ಸ್ ಹಾಕಿದಳು. ಅರ್ಧ ಕಿಲೋಮೀಟರು, ತಲೆ ಹೊರಗೆ ಹಾಕಿ, ಒಂದೇ ಕೈಯಲ್ಲಿ, ಎರಡೂ ಬದಿಗೆ ಮುಳ್ಳು ಕೆರೆಸಿಕೊಳ್ಳುತ್ತ ಹಿಂದಕ್ಕೆ ಓಡಿಸಿದಳು. ಒಂದು ಹೊಲದ ಗೇಟಿನ ಹತ್ತಿರ ತಿರುಗಿಸಿ ಇನ್ನೊಂದು ರಸ್ತೆ ಹಿಡಿದಳು. ಬಲಗೈ ಜೋತುಬಿದ್ದಿತ್ತು. ಗೇರ್ ಬದಲಿಸಲು ಸ್ಟಿಯರಿಂಗ್ ಬಿಡಬೇಕಲ್ಲ, ಅದಕ್ಕೇ ಎರಡನೇ ಗೇರಿನಲ್ಲೇ ಹನ್ನೊಂದು ಕಿಲೋಮೀಟರು ಹೋದೆವು. ನನ್ನ ಎಂಜಿನ್ ಕಾದು ವಾಸನೆ ಬಂತು. ನಿಲ್ಲಲಿಲ್ಲ ನಾನು.

ಕೇಂದ್ರದ ಶೆಡ್ಡಿನೊಳಗೆ ನಾವು ನುಗ್ಗಿದಾಗ ಹತ್ತಕ್ಕೆ ಐದು ನಿಮಿಷವಿತ್ತು. ಕೀನನ್ ಕಿರುಚಿ ಆಂಬುಲೆನ್ಸಿಗೆ, ಪೊಲೀಸರಿಗೆ ಫೋನ್ ಮಾಡಿದಳು. ಕಸ್ತೂರಿ ಗಾಜಿನ ಚೂರು ತುಂಬಿದ ಮಡಿಲಿನಿಂದ ಕಾಗದಗಳನ್ನು ತೆಗೆದು ಚಾಚಿದಳು. ಮೊದಲು ನಂಬರು ಕೊಡಿ, ಆಮೇಲೆ ಆಸ್ಪತ್ರೆ ಎಂದಳು. ಅಷ್ಟರಲ್ಲಿ ವ್ಯಾನಿನ ಸದ್ದಾಯಿತು. ಕೀನನ್ ಗುಂಡಿ ಒತ್ತಿದಳು, ಶಟರ್ ಕೆಳಗಿಳಿಯಿತು. ಹೊರಗಿನಿಂದ ಅವನು ಪಾನಾದಲ್ಲಿ ಶಟರಿಗೆ ಬಡಿಯತೊಡಗಿದ. ಆ ಗುಡುಗಿನ ನಡುವೆಯೇ ಕೀನನ್ ಬಗ್ಗಿ ನನ್ನ ಚಾಸಿ ನಂಬರು ಓದಿದಳು, ಬ್ಯಾಂಕಿನ ಕಾಗದ ನೋಡಿದಳು, ವ್ಯಾಪಾರಿಯ ಸಹಿ ನೋಡಿದಳು. ಒಂದು ಖಾನೆಯನ್ನೂ ಬಿಡದೆ ತುಂಬಿದಳು. ತೆರಿಗೆ ಮಾಫಿ. ಹೊಸ ನಂಬರು. ಮಾಲೀಕರು: ಕಸ್ತೂರಿ ಹೂಗಾರ. ಯಂತ್ರದಿಂದ ಹಾಳೆ ಹೊರಬಂದಾಗ ಗಂಟೆ ಹತ್ತು ಇಪ್ಪತ್ತು.

ಪೊಲೀಸರು ಬಂದ ಮೇಲೆ ಶಟರ್ ಎದ್ದಿತು. ಇಬ್ಬರು ಅವನ ಪಕ್ಕದಲ್ಲಿದ್ದರು. ಪಾನಾ ಇನ್ನೂ ಅವನ ಕೈಯಲ್ಲೇ. ಕೆಳಗಿಡು ಎಂದು ಸಾರ್ಜೆಂಟ್ ಎರಡು ಸಲ ಹೇಳಿದ. ಮಹಾಂತೇಶ ಹಲ್ಲು ಬಿಟ್ಟು, ಇಂಗ್ಲಿಷಿನಲ್ಲಿ ಬಲು ನಯವಾಗಿ, ಇದು ನನ್ನ ಕಾರು ಸಾರ್, ನನ್ನ ಕಾರನ್ನು ನಾನು ಒಡೆದರೆ ತಪ್ಪೇನು ಎಂದ. ನಂತರ ಅವಳ ಕಡೆ ತಿರುಗಿ ಕನ್ನಡದಲ್ಲಿ ಗುರುಗುಟ್ಟಿದ.

"ಗಾಡೀನೂ ನಂದು, ನೀನೂ ನನ್ನಾಕಿ. ಏನ್ ಮಾಡ್ಕೋತಿ ಮಾಡ್ಕೋ ಹೋಗು."

ಕೀನನ್ ಹಾಳೆಯನ್ನು ಸಾರ್ಜೆಂಟಿನ ಮುಂದೆ ಹಿಡಿದಳು. ಅವನು ಓದಿದ. ಈ ಕಾರು ಈಕೆಯದು ಎಂದ.

"ನಂದು!" ಎಂದು ಚೀರಿ ಮಹಾಂತೇಶ ಪಾನಾ ಎತ್ತಿ ನನ್ನ ಬಾನೆಟ್ಟಿಗೆ ಅಪ್ಪಳಿಸಿದ. ಅಷ್ಟು ಹೊತ್ತು ತಿಂದ ಹೊಡೆತಗಳಲ್ಲೇ ದೊಡ್ಡದು ಅದು. ರೇಡಿಯೇಟರು ಒಡೆದು ಬಿಸಿನೀರು ಚಿಮ್ಮಿತು. ಇಬ್ಬರೂ ಸೇರಿ ಅವನನ್ನು ನೆಲಕ್ಕೆ ಕೆಡವಿ ಕೈಗೆ ಬೇಡಿ ಹಾಕಿದರು. ಅವನ ಮುಖ ನನ್ನ ಚಕ್ರದ ಪಕ್ಕದಲ್ಲಿತ್ತು. ನನಗೆ ಮರುಕ ಬರಲಿಲ್ಲ, ಬಂತು ಎಂದು ಸುಳ್ಳು ಹೇಳಲಾರೆ.

ಸಾರ್ಜೆಂಟ್ ಕಸ್ತೂರಿಯ ಮುಂದೆ ಮಂಡಿಯೂರಿ ಕೂತು ಪುಸ್ತಕ ತೆಗೆದ. ಕಾರು ಒಡೆದದ್ದಕ್ಕೆ ದೂರು ಕೊಡುತ್ತೀರಾ ಎಂದು ಕೇಳಿದ. ಕೊಡುತ್ತೇನೆ ಎಂದಳು. ಆ ಮಾತು ತಡವರಿಸದೆ ಬಂತು. ನನ್ನ ಕಾರು, ನನ್ನ ದುಡ್ಡಿನ ಕಾರು, ನನ್ನ ಹೆಸರಿನ ಕಾರು ಎಂದಳು. ಸಾರ್ಜೆಂಟ್ ಬರೆದುಕೊಂಡ. ಬರೆದು ಮುಗಿದ ಮೇಲೂ ಪುಸ್ತಕ ಮುಚ್ಚಲಿಲ್ಲ. ಮತ್ತೆ ನೀವು? ನಿಮ್ಮ ಹಣೆಗೆ ಏನಾಯಿತು?

ಎಲ್ಲಿ ಜಾರಿದೆ ಎಂದುಬಿಡುತ್ತಾಳೋ ಎಂದು ನಾನು ಹೆದರಿದೆ. ಅವಳು ಎಡಗೈಯನ್ನು ನನ್ನ ಬಾಗಿಲ ಮೇಲಿಟ್ಟಳು.

"ನನಗೂ ಹೊಡದಾನ," ಎಂದಳು ಕನ್ನಡದಲ್ಲಿ, ಯಾರಿಗೂ ಅರ್ಥವಾಗದ ಹಾಗೆ. ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು. ಆಂಬುಲೆನ್ಸ್ ಬರುವವರೆಗೂ ಹೇಳಿದಳು. ಸಾರ್ಜೆಂಟ್ ಪುಟದ ಮೇಲೆ ಪುಟ ತಿರುವುತ್ತ ಹೋದ.

ಈಗ ನಾನು ಪೊಲೀಸ್ ಠಾಣೆಯ ಹಿತ್ತಲಿನ ಒಂದು ಮೂಲೆಯಲ್ಲಿದ್ದೇನೆ. ಕನ್ನಡಿಗೆ ಒಂದು ಚೀಟಿ ಕಟ್ಟಿದ್ದಾರೆ; ನಾನು ಸಾಕ್ಷಿಯಂತೆ. ಕಣ್ಣಿಲ್ಲ, ಎಂಜಿನ್ ಸತ್ತಿದೆ, ಟೈರಿನಡಿ ಹುಲ್ಲು ಬೆಳೆದಿದೆ. ಹೊಸ ನಂಬರಿನ ಪ್ಲೇಟು ಹಾಕುವ ಭಾಗ್ಯ ಬರಲೇ ಇಲ್ಲ. ವೃದ್ಧಾಶ್ರಮದ ಅಡುಗೆಯವಳು ದಿನಾ ತನ್ನ ಗಾಡಿಯಲ್ಲಿ ಕಸ್ತೂರಿಯನ್ನು ಕೆಲಸಕ್ಕೆ ಕರೆದೊಯ್ಯುತ್ತಾಳಂತೆ. ಏಳು ವರ್ಷ ನನ್ನೊಳಗೆ ಒಬ್ಬಳನ್ನು ಬಡಿಯುತ್ತಿದ್ದರೂ ಲೋಕ ಒಂದು ಕಾಗದ ಬರೆಯಲಿಲ್ಲ. ತಗಡು ಒಡೆದಾಗ ಬರೆಯಿತು. ಅದು ನನಗೆ ಹೆಮ್ಮೆಯೋ ಹೇಸಿಗೆಯೋ ಇನ್ನೂ ತಿಳಿದಿಲ್ಲ. ಕೂತು ಯೋಚಿಸಲು ಬೇಕಾದಷ್ಟು ಹೊತ್ತಿದೆ.

ಮೊನ್ನೆ ಗುಜರಿಯವನೊಬ್ಬ ಬಂದು ನನ್ನ ಸುತ್ತ ಒಂದು ಸುತ್ತು ಹಾಕಿದ. ಕೇಸು ಮುಗಿದ ಮೇಲೆ ಕೊಂಡೊಯ್ಯುತ್ತೇನೆ, ಸಹಿಗೆ ಆ ಹೆಂಗಸಿನ ಗಂಡನನ್ನು ಕೇಳಲೇ ಎಂದು ಸಾರ್ಜೆಂಟನನ್ನು ಕೇಳಿದ. ಸಾರ್ಜೆಂಟ್ ಅವನನ್ನು ಮೇಲಿಂದ ಕೆಳಗೆ ನೋಡಿದ.

"ಯಾವ ಗಂಡ? ಮಾಲೀಕರನ್ನು ಕೇಳು."