ಮೂವತ್ತನೆಯ ಜೇಬು

ಮದ್ದೂರಿನಲ್ಲಿ ಬಟ್ಟೆ ಹೊಲಿದು ಬದುಕುವ ಮಹಬೂಬ್ ಬೀ ಒಂದು ಮಾತು ಹೇಳಬೇಕಿತ್ತು. ಏಳು ವರ್ಷದ ಮೊಮ್ಮಗಳು ಫಾಯಿಜಾಗೆ, "ನಿಮ್ಮಮ್ಮಿ ಇನ್ನು ಬರಾಕಿಲ್ಲ" ಅನ್ನಬೇಕಿತ್ತು. ಅಷ್ಟೇ. ಅಷ್ಟೇ ಅಂದರೆ ಸುಲಭವೇ? ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ಅಳಿಯ ತೀರಿಹೋಗಿದ್ದ. ಮಗಳು ತಹಸೀನ್‌ಗೆ ದೂರದ ರಾಯಚೂರಿನಿಂದ ಎರಡನೇ ಸಂಬಂಧ ಬಂತು. ಹುಡುಗಿ ಸಾಕು, ಕೂಸು ಬೇಡ ಅಂದರು ಆ ಮಹಾನುಭಾವರು. ತಹಸೀನ್ ತಾಯಿಯ ಮುಖ ನೋಡಿದಳು. ಹೂಂ ಅಂದವಳು ಮಹಬೂಬ್ ಬೀಯೇ. ಮಗಳು ಚಿಕ್ಕ ವಯಸ್ಸಿಗೇ ಮೂಲೆ ಸೇರಬಾರದು ಅಂತ ಅಂದದ್ದು. ಫಾಯಿಜಾಗೆ ಮಾತ್ರ, "ಕೆಲ್ಸಕ್ಕೆ ಓಗವ್ಳೆ, ಈದ್‌ಗೆ ಬತ್ತಾಳೆ" ಅಂದುಬಿಟ್ಟಳು.

ಶುರುವಾಯ್ತು ನೋಡಿ! ದಿನ ಬೆಳಗಾದರೆ, "ಈದ್‌ಗೆ ಇನ್ನೆಷ್ಟು ದಿನ ನಾನಿ?" ಅವಳು ಓದುವ ಕಾನ್ವೆಂಟಿನ ಸಿಸ್ಟರು ಕ್ರಿಸ್‌ಮಸ್ಸಿಗೆ ಮುಂಚೆ ಪುಟ್ಟ ಪುಟ್ಟ ಜೇಬುಗಳ ಬಟ್ಟೆಯೊಂದನ್ನು ಗೋಡೆಗೆ ತೂಗುಹಾಕಿ, ದಿನಕ್ಕೊಂದು ಜೇಬಿನಿಂದ ಮಕ್ಕಳಿಗೆ ಏನಾದರೂ ತೆಗೆದುಕೊಡುತ್ತಿದ್ದರಂತೆ. ತನಗೂ ರಂಜಾನಿಗೆ ಅಂಥದ್ದೇ ಬೇಕೆಂದು ಹಟ ಹಿಡಿದಳು. ಮಹಬೂಬ್ ಬೀ ಉಳಿದ ಬಟ್ಟೆಚೂರುಗಳಲ್ಲಿ ಮೂವತ್ತು ಜೇಬು ಹೊಲಿದು ಗೋಡೆಗೆ ತೂಗುಹಾಕಿದಳು. ಒಂದರಲ್ಲಿ ಖರ್ಜೂರ, ಒಂದರಲ್ಲಿ ಹೇರ್‌ಪಿನ್ನು, ಒಂದರಲ್ಲಿ ಆಲೆಮನೆಯ ಬೆಲ್ಲ. ದಾರದ ಖಾಲಿ ರೀಲು ಸಿಕ್ಕ ದಿನ ಫಾಯಿಜಾ ಹೊಲಿಗೆ ಮಿಷನ್ ತುಳಿಯಬಹುದು.

"ಕಡೇ ಜೇಬು ಅಮ್ಮೀದು. ಅದ್ನ ತೆಗ್ಯಾ ದಿನ ಅಮ್ಮಿ ಬತ್ತಾಳೆ" ಎಂದು ಮಗು ತಾನೇ ತೀರ್ಮಾನಿಸಿತು. ಅಜ್ಜಿ ಆ ಜೇಬನ್ನು ಖಾಲಿ ಬಿಟ್ಟಳು.

ಪಕ್ಕದ ಮನೆಯ ಬೆಳ್ಳಮ್ಮ ಬಿಡುವವಳೇ? "ಏನ್ ಮಹಬೂಬಮ್ಮ, ಕೂಸ್ಗೆ ಇನ್ನೂವೆ ಯೋಳ್ನಿಲ್ವಾ? ದಿನಾ ಬೆಲ್ಲ ತಿನ್ಸಿ ಕೊನೆಗೆ ವಿಸ ಕೊಟ್ಟಂಗಾಯ್ತದೆ ಕಣಮ್ಮ."

"ಮೂವತ್ನೇ ದಿನ ಯೋಳ್ತೀನಿ, ಬುಡು ಬೆಳ್ಳಕ್ಕ."

ಆದರೆ ಚಂದ್ರ ಯಾರ ಮಾತು ಕೇಳುತ್ತಾನೆ? ಉಪವಾಸ ಮೂವತ್ತು ತುಂಬುವ ಮೊದಲೇ, ಇಪ್ಪತ್ತೊಂಬತ್ತನೆಯ ಸಂಜೆಯೇ ಕಂಡುಬಿಟ್ಟ. ನಾಳೆಯೇ ಈದ್ ಎಂದು ಮಸೀದಿಯ ಮೈಕು ಕೂಗಿತು. ಇನ್ನೊಂದು ದಿನ ಇದೆಯೆಂದು ನಂಬಿದ್ದವಳು ತುಳಿಯುತ್ತಿದ್ದ ಮಿಷನ್ ನಿಲ್ಲಿಸಿದಳು.

ಬೆಳಿಗ್ಗೆ ಫಾಯಿಜಾ ಹೊಸ ಬಟ್ಟೆ ಮುಟ್ಟಲಿಲ್ಲ. "ಇನ್ನೊಂದು ಜೇಬೈತೆ. ರಂಜಾನ್ ಮುಗ್ದಿಲ್ಲ" ಅಂದಳು. ಬೀದಿಯ ಮಕ್ಕಳೆಲ್ಲ ಮೈಗೆ ಅತ್ತರು ಹಚ್ಚಿಕೊಂಡು ಓಡಾಡುತ್ತಿದ್ದರೆ ಇವಳು ಹಳೇ ಫ್ರಾಕಿನಲ್ಲಿ ಹೊಸ್ತಿಲ ಮೇಲೆ ಕೂತು ದಾರಿ ನೋಡುತ್ತಿದ್ದಳು. ಬಟ್ಟಲಿನ ಶೀರ್‌ಕುರ್ಮಾ ಪಾಯಸ ಆರಿ ಕೆನೆ ಕಟ್ಟಿತು.

ಮಧ್ಯಾಹ್ನದ ಹೊತ್ತಿಗೆ ಮಹಬೂಬ್ ಬೀಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಕ್ಕರಿಸಿದಳು. "ಅಮ್ಮಿಗೆ ಬೇರೆ ಮನೆ ಆಗೈತೆ ಕಂದ. ಇನ್ನು ಬರಾಕಿಲ್ಲ. ನಾನೇ ಕಳಿಸ್ದೆ."

ಅಳುತ್ತಾಳೆ, ಹೊಡೆಯುತ್ತಾಳೆ ಎಂದು ಕಾದಳು. ಹೊಡೆದಿದ್ದರೆ ಎಷ್ಟೋ ವಾಸಿಯಿತ್ತು. ಮಗು ಎದ್ದು ಒಳಗೆ ಹೋಗಿ ಆ ಗೋಡೆಯ ಮುಂದೆ ನಿಂತಿತು. ಸಮಾಧಾನಕ್ಕೆಂದು ಹಬ್ಬದ ಬಳೆಗಳನ್ನು ಕಡೇ ಜೇಬಿಗೆ ಹಾಕಲು ಹೋದ ಅಜ್ಜಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

"ಮುಟ್ಬ್ಯಾಡ ನಾನಿ. ಆ ದಿನ ಇನ್ನೂ ಬಂದಿಲ್ಲ."

ಆಮೇಲೆ ಮಿಷನ್ನಿನ ಡ್ರಾಯರಿನಿಂದ ಸೂಜಿದಾರ ತಂದು, ಅಜ್ಜಿಯೇ ಕಲಿಸಿದ ಹೊಲಿಗೆಯಲ್ಲಿ, ಸೊಟ್ಟಪಟ್ಟ, ಆ ಜೇಬಿನ ಬಾಯಿ ಮುಚ್ಚಿ ಹೊಲಿದಳು.

ಮಾರನೆಯ ಬೆಳಿಗ್ಗೆ ಫಾಯಿಜಾ ಏನನ್ನೂ ಕೇಳಲಿಲ್ಲ. ಎದ್ದವಳೇ ಗೋಡೆಯ ಹತ್ತಿರ ಹೋಗಿ ಹೊಲಿಗೆಯನ್ನು ಮುಟ್ಟಿ ನೋಡಿದಳು.

"ಇವತ್ತೂ ಇಪ್ಪತ್ತೊಂಬತ್ತೇ" ಅಂದಳು.