ಆಟಕ್ಕುಂಟು, ಲೆಕ್ಕಕ್ಕಿಲ್ಲ

ಪ್ರೊಜೆಕ್ಟರಿನ ಬೆಳಕು ಅಧ್ಯಕ್ಷರ ಬೋಳುತಲೆಯ ಮೇಲೂ ಬೀಳುತ್ತಿದೆ, ಅವರು ಬಗ್ಗಿದಾಗಲೆಲ್ಲ ಅವಳು ತಯಾರಿಸಿದ ಪಟ್ಟಿಯ ಒಂದು ಸಾಲು ಆ ತಲೆ ಹತ್ತಿ ಇಳಿಯುತ್ತದೆ, ಹೆರಿಗೆ ಹತ್ತಿತು, ಇಳಿಯಿತು, ಕ್ಷಯ ಹತ್ತಿತು, ನಗು ಬರಬೇಕಿತ್ತು, ಬರಲಿಲ್ಲ — ದೇಶದ ಪ್ರತಿಯೊಬ್ಬರಿಗೂ ಉಚಿತ ಚಿಕಿತ್ಸೆ ಎಂದು ಸಾರಿ ಆಗಿದೆ, ಮನೆಮನೆಗೂ ಕಾರ್ಡು ಮುಟ್ಟಿದೆ, ಇರುವ ದುಡ್ಡಿನಲ್ಲಿ ಯಾವ ಕಾಯಿಲೆ ಒಳಗೆ, ಯಾವುದು ಹೊರಗೆ ಎಂದು ಹೇಳಬೇಕಾದದ್ದು ಈ ಸಮಿತಿ, ಲೆಕ್ಕ ಕಟ್ಟಿದವಳು ಅವಳು. ಚಹಾದ ಮೇಲೆ ಕೆನೆ ಕಟ್ಟಿದೆ. ಮುಂದಿನದು ಡಯಾಲಿಸಿಸ್, ಯಾರೋ ಅಂದರು, ಕಿಡ್ನಿ ಕೆಟ್ಟವರ ರಕ್ತ ತೊಳೆಯುವುದು, ಅಂದರೆ ಅಣ್ಣ, ವಾರಕ್ಕೆ ಮೂರು ಸಲ ಯಂತ್ರದ ಪಕ್ಕ ಮಲಗುವ ಅಣ್ಣ, ಬೆಳಿಗ್ಗೆಯೇ ಅಧ್ಯಕ್ಷರಿಗೆ ಹೇಳಿದ್ದಳು, ನನ್ನ ಅಣ್ಣನಿಗೂ ಇದೇ ಸರ್, ಅಯ್ಯೋ ಹೌದೇನಮ್ಮ, ಹಾಗಾದ್ರೆ ನಿಮ್ಮ ಓಟು ಬೇಡ, ಲೆಕ್ಕ ಮಾತ್ರ ಓದಿಬಿಡಿ. ಲೆಕ್ಕ ಮಾತ್ರ. ಮೊನ್ನೆ ಮನೆಯಲ್ಲಿ ಡಯಾಲಿಸಿಸ್ ಸಾಲನ್ನು ಮೇಲಕ್ಕೆಳೆದು ನೋಡಿದ್ದಳು, ಎಳೆದಷ್ಟೂ ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಸಾಲು ದುಡ್ಡು ಮುಗಿಯುವ ಕೆಂಪು ಗೆರೆ ದಾಟಿ ಕೆಳಗೆ ಜಾರಿತು, ಬಿಟ್ಟಳು, ಅದು ತನ್ನ ಜಾಗಕ್ಕೆ ಬಂದು ಕೂತಿತು, ಕೂಸುಗಳೂ — ಏನೂ ಅನ್ನಿಸಲಿಲ್ಲ, ಹಲ್ಲಿನ ಡಾಕ್ಟರು ಮರಗಟ್ಟಿಸಿದ ಒಸಡನ್ನು ನಾಲಿಗೆಯಿಂದ ಮುಟ್ಟಿದ ಹಾಗೆ. ಅಣ್ಣ ಕಾರ್ಡನ್ನು ದಿಂಬಿನ ಕೆಳಗಿಟ್ಟುಕೊಂಡಿದ್ದಾನೆ, ಇನ್ಮೇಲೆ ನಾನು ಸರ್ಕಾರದ ಅಳಿಯ ಕಣೇ, ಎಂದು ಮುಂಗೈ ಚಾಚುತ್ತಾನೆ, ಸೂಜಿ ಚುಚ್ಚಲೆಂದು ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ ಹಗ್ಗದಂತೆ ಉಬ್ಬಿದೆ, ಇಲ್ಲಿ ಬೆರಳಿಡು, ಬೆಕ್ಕು ಸಾಕಿದ್ದೀನಿ, ನಿಜ, ಚರ್ಮದಡಿ ಗುರ್ರ್ ಎನ್ನುತ್ತದೆ, ಅತ್ತಿಗೆ ಒಳಗಿನಿಂದ, ಆ ಬೆಕ್ಕಿಗೆ ಹಾಲು ಹಾಕೋಕೆ ಟ್ಯಾಕ್ಸಿ ಮಾರಿದ್ದಾಯ್ತು, ಇನ್ನು ನನ್ನನ್ನೇ ಮಾರಬೇಕು, ನಿನ್ನ ಯಾರೇ ತಗೋತಾರೆ, ಅಣ್ಣನ ನಗು, ಏನಮ್ಮ, ಓದಿ, ಅಧ್ಯಕ್ಷರು. ಡಯಾಲಿಸಿಸ್, ಹೊರಗೆ, ಅಂದಳು, ದನಿ ಸರಿಯಾಗಿಯೇ ಇತ್ತು, ಕೈಗಳು ಎದ್ದವು, ಇಳಿದವು, ಪಾಪ, ಕಾರ್ಡು ಹೇಗೂ ಇರುತ್ತಲ್ಲ, ನೆಗಡಿ ಜ್ವರಕ್ಕಾಗುತ್ತೆ, ಅಧ್ಯಕ್ಷರು — ಕಾರ್ಡು ಇರುತ್ತದೆ, ಆಟಕ್ಕುಂಟು ಲೆಕ್ಕಕ್ಕಿಲ್ಲ, ಚಿಕ್ಕಂದಿನಲ್ಲಿ ಬೀದಿಯಲ್ಲಿ ಅಣ್ಣ ಕೂಗುತ್ತಿದ್ದ, ನಮ್ಮ ಪುಟ್ಟಿ ಆಟಕ್ಕುಂಟು ಲೆಕ್ಕಕ್ಕಿಲ್ಲ ಕಣ್ರೋ, ಸಿಕ್ಕಿಬಿದ್ರೂ ಅವಳು ಔಟಲ್ಲ, ಎಷ್ಟು ಸಲ ಸಿಕ್ಕಿಬಿದ್ದಳೋ, ಒಮ್ಮೆಯೂ ಔಟಾಗಲಿಲ್ಲ, ಸಂಜೆ ಹೋಗಿ ಹೇಳಬೇಕು, ಏನೆಂದು, ಅವಳು ಬಾಯಿ ತೆರೆಯುವ ಮೊದಲೇ ಅವನು ಕೈ ಚಾಚುತ್ತಾನೆ, ಮುಂದಿನದು ಓದಿ, ಕಣ್ಣಿನ ಪೊರೆ, ಒಳಗೆ, ಬೆರಳು ಮೇಜಿನ ಮೇಲಿದೆ, ತಣ್ಣನೆಯ ಮೇಜು, ಬೆರಳಿನಡಿ ಬೆಕ್ಕು, ಮುಂದಿನದು, ಬೆಕ್ಕು, ಗುರ್ರ್, ಇನ್ನೂ ಬದುಕಿದೆ, ಬೆಕ್ಕು